ಹತ್ತೊಂಬತ್ತನೇ ಗೇಟು, ಎರಡನೇ ಮಹಡಿ

2024 ಆಗಸ್ಟ್ 11, ಭಾನುವಾರ
ಬಳ್ಳಾರಿ

ಇದು ಅಂದು ರಾತ್ರಿ ಡೈರಿಯಲ್ಲಿ ಬರೆದಿದ್ದು. ಇದರಲ್ಲಿ ಬರುವ ಒಬ್ಬ ಹುಡುಗಿಗೆ ಓದಿಸಿ, ಅವಳು ಒಪ್ಪಿದ ಮೇಲೆ ಇಲ್ಲಿ ಹಾಕುತ್ತಿದ್ದೇನೆ. ಅವಳು ತೆಗೆಯಿರಿ ಅಂದಿದ್ದನ್ನು ತೆಗೆದಿದ್ದೇನೆ.

ಬೆಳಗಿನ ಜಾವ ಐದಕ್ಕೆ ಬಾಗಿಲು ಬಡಿದರು. ಹಾಸ್ಟೆಲ್ಲಿನಲ್ಲಿ ಆ ಹೊತ್ತಿಗೆ ಬಾಗಿಲು ಬಡಿದರೆ ಯಾರಿಗೋ ಹುಷಾರಿಲ್ಲ, ಇಲ್ಲ ಊರಿಂದ ಕೆಟ್ಟ ಸುದ್ದಿ. ತೆರೆದರೆ ಆರೇಳು ಹುಡುಗಿಯರು. ಎಲ್ಲರ ಕೈಯಲ್ಲೂ ಮೊಬೈಲು.

"ಅಕ್ಕಾ, ಡ್ಯಾಂ ಒಡೆದೈತಂತೆ."

ಒಬ್ಬಳು ವಾಟ್ಸ್ಯಾಪಿನಲ್ಲಿ ಬಂದ ಆಡಿಯೊ ಹಾಕಿದಳು. ಯಾವುದೋ ಗಂಡು ದನಿ, ಹೊಳೆ ದಂಡೆಯವರೆಲ್ಲ ಊರು ಬಿಡ್ರಿ ಅಂತ ಕೂಗುತ್ತಿತ್ತು. ಯಾರು ಮಾತಾಡಿದ್ದು, ಎಲ್ಲಿಂದ, ಯಾವಾಗ, ಒಂದೂ ಗೊತ್ತಾಗುವ ಹಾಗಿರಲಿಲ್ಲ. ಸಿರುಗುಪ್ಪ ಕಡೆಯ ಹುಡುಗಿ ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

ನಮ್ಮ ಮನೆ ಹೊಸಪೇಟೆ, ತುಂಗಭದ್ರಾ ಡ್ಯಾಮಿನ ಹತ್ತಿರ. ಅಪ್ಪನಿಗೆ ಫೋನ್ ಮಾಡಿದೆ. ಅವರು ರಾತ್ರಿಯಿಡೀ ಮಲಗಿರಲಿಲ್ಲ. "ಡ್ಯಾಂ ಒಡೆದಿಲ್ಲಮ್ಮ. 33 ಗೇಟಲ್ಲಿ 19ನೇದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಗೈತೆ. ಅದೊಂದರಿಂದಲೇ 35,000 ಕ್ಯೂಸೆಕ್ ನೀರು ಹೋಗ್ತೈತೆ ಅಂತಾರೆ. ಭಾರ ಇಳಿಸಾಕೆ ಉಳಿದ ಗೇಟೂ ಎತ್ಯಾರೆ. ಹೊಳೆ ತುಂಬಿ ಬರ್ತೈತೆ. ಆದರೆ ಇದಕ್ಕಿಂತ ಜಾಸ್ತಿ ನೀರು 2009ರಾಗೆ ನೋಡೀವಿ."

ಅಪ್ಪನ ಆ ಮಾತು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಅಷ್ಟಕ್ಕೇ ಅರ್ಧ ಜನರ ಮುಖ ಸ್ವಲ್ಪ ಸಡಿಲವಾಯಿತು.

ನಾನಿಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೊತೆಗೆ ಎರಡನೇ ಮಹಡಿಯ ಫ್ಲೋರ್ ಇನ್‌ಚಾರ್ಜ್. 20 ರೂಮು, 58 ಹುಡುಗಿಯರು. ಈ ಕೆಲಸ ಕೊಟ್ಟ ದಿನ ನನ್ನ ಕೈಗೆ ಬಂದಿದ್ದು ಒಂದು ಕೀ ಗೊಂಚಲು, ಒಂದು ಹಾಜರಿ ರಿಜಿಸ್ಟರ್. ರಾತ್ರಿ ಹಾಜರಿ ತಗೊಳ್ಳಿ, ಗೇಟಿನ ಟೈಮ್ ನೋಡಿಕೊಳ್ಳಿ, ನಲ್ಲಿ ಕೆಟ್ಟರೆ ಬರೆದು ಕೊಡಿ ಅಂದರು. ಬೇರೇನೂ ಹೇಳಲಿಲ್ಲ.

ನಮ್ಮ ದೊಡ್ಡಮ್ಮನ ಮಗಳು ಅಮೆರಿಕದಲ್ಲಿ ಓದುವಾಗ ಎರಡು ವರ್ಷ ಇದೇ ಕೆಲಸ ಮಾಡಿದ್ದಳು. ಅಲ್ಲಿ ಇದಕ್ಕೆ ರೆಸಿಡೆಂಟ್ ಅಸಿಸ್ಟೆಂಟ್ ಅನ್ನುತ್ತಾರೆ, ಬಾಯಿಮಾತಿಗೆ ಆರ್‌ಎ. ವಿದ್ಯಾರ್ಥಿಗಳೇ ಮಾಡುವ ಕೆಲಸ. ಅವಳಿಗೆ ರೂಮು ಪುಕ್ಕಟೆ, ಊಟವೂ ಪುಕ್ಕಟೆ ಇತ್ತು. ಮಕ್ಕಳು ಹಾಸ್ಟೆಲ್ಲಿಗೆ ಬರುವ ಮೊದಲು ಆಗಸ್ಟಿನಲ್ಲಿ ಎರಡು ವಾರ ತರಬೇತಿ. ಅದರಲ್ಲಿ ಒಂದು ಅಭ್ಯಾಸ ಅವಳು ಹೇಳಿದ ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಹಳೆಯ ಆರ್‌ಎಗಳು ರೂಮೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಜಗಳವೋ, ಕುಡಿತವೋ, ಮನೆ ನೆನಪಾಗಿ ಅಳುವ ಹುಡುಗಿಯೋ, ಏನು ಬೇಕಾದರೂ ಇರಬಹುದು. ಎಲ್ಲ ನಟನೆಯೇ. ಹೊಸಬರು ಬಾಗಿಲು ತಟ್ಟಿ ಒಳಗೆ ಹೋಗಿ ನಿಭಾಯಿಸಬೇಕು. ಮುಗಿದ ಮೇಲೆ ಎಲ್ಲಿ ತಪ್ಪಿದರು, ಯಾವ ಮಾತು ಆಡಬಾರದಿತ್ತು ಅಂತ ಕೂತು ಮಾತಾಡುತ್ತಾರೆ. ಹಾಗೆ ತಪ್ಪು ಮಾಡಿ ಕಲಿಯೋಕೆ ನಮಗೂ ಒಂದು ವಾರ ಕೊಟ್ಟರೆ ಸಾಕಿತ್ತು. ನಾವು ಕಲಿಯುವುದು ನಿಜವಾದ ಹುಡುಗಿಯರ ಮೇಲೆಯೇ. ಇದು ಸರಿಯಲ್ಲ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇವತ್ತು ಅವಳು ಹೇಳಿಕೊಟ್ಟಿದ್ದನ್ನೇ ಮಾಡಿದೆ. ಎಲ್ಲರನ್ನೂ ವರಾಂಡದಲ್ಲಿ ಕೂರಿಸಿದೆ. ಗೊತ್ತಿರುವುದನ್ನು ಬೋರ್ಡಿನ ಮೇಲೆ ಬರೆದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆದೆ. ಹೊಳೆ ದಂಡೆಯ ಊರಿನವರು ಯಾರ್ಯಾರು ಅಂತ ಕೇಳಿದರೆ ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಮಾನ್ವಿ ಕಡೆಯವರು ಸೇರಿ ಹನ್ನೊಂದು ಜನ. ಮೊದಲು ಅವರು ಮನೆಗೆ ಫೋನ್ ಮಾಡಲಿ, ಉಳಿದವರು ಆಮೇಲೆ. ಕರೆನ್ಸಿ ಇಲ್ಲದವರಿಗೆ ನನ್ನ ಫೋನು ಕೊಟ್ಟೆ. ನನಗೆ ತೋರಿಸದೆ ಯಾವ ಆಡಿಯೊ, ವಿಡಿಯೊ ಮುಂದೆ ಕಳಿಸಬಾರದು ಅಂದೆ. ಒಪ್ಪಿದರು.

ಸಿರುಗುಪ್ಪದ ಹುಡುಗಿ ಮಾತ್ರ ಕೇಳಲಿಲ್ಲ. ಮೊದಲ ಬಸ್ಸಿಗೆ ಹೋಗ್ತೀನಿ ಅಂತ ಹಠ. ಅವಳನ್ನು ತಡೆಯುವ ಅಧಿಕಾರ ನನಗಿಲ್ಲ, ಬೀಗ ಹಾಕಿ ಕೂರಿಸುವ ಕೆಲಸವೂ ನನ್ನದಲ್ಲ. ಕ್ಷೇಮಪಾಲಕಿ ಮ್ಯಾಡಮ್ಮಿಗೆ ಹೇಳಿದೆ, ಅವರೂ ಮೇಲೆ ಬಂದರು. ಮೂವರೂ ಸೇರಿ ಅವಳ ಅಪ್ಪನಿಗೆ ಫೋನ್ ಮಾಡಿದೆವು. "ನೀನು ಅಲ್ಲೇ ಇರವ್ವ. ದನ ಕರ ಮೇಲಕ್ಕೆ ಹೊಡ್ದೀವಿ. ನೀ ಬಂದ್ರೆ ದಾರ್ಯಾಗೆ ನಿನ್ನ ಚಿಂತೆ ಬೇರೆ ಆಕೈತೆ" ಅಂದರು. ಅವಳು ಬ್ಯಾಗು ಇಳಿಸಿದಳು. ಆಮೇಲೆ ಅತ್ತಳು. ಅಳಲಿ ಅಂತ ಸುಮ್ನೆ ಪಕ್ಕದಲ್ಲಿ ಕೂತೆ.

ತಿಂಡಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇತ್ತು. ಭಾನುವಾರ ಇದಕ್ಕೆ ಸಾಲು ನಿಲ್ಲುವವರು ಇವತ್ತು ಟಿವಿ ಮುಂದೆ ತಟ್ಟೆ ಹಿಡಿದು ನಿಂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಭಯ ಬೇರೆ ಕಡೆ ತಿರುಗಿತು. ಹೊಸ ಗೇಟು ಕೂರಿಸಬೇಕಾದರೆ ಡ್ಯಾಮಿನ ಅರ್ಧಕ್ಕಿಂತ ಜಾಸ್ತಿ ನೀರು ಖಾಲಿ ಮಾಡಬೇಕಾಗಬಹುದು ಅಂತ ಟಿವಿಯಲ್ಲಿ ಹೇಳಿದರು. ತುಂಬಿದರೆ 105 ಟಿಎಂಸಿ ಹಿಡಿಯುವ ಡ್ಯಾಮು. ಈ ವರ್ಷ ತುಂಬಿ ನಿಂತಿತ್ತು, ಎರಡು ಬೆಳೆ ಗ್ಯಾರಂಟಿ ಅಂತ ಎಲ್ಲರೂ ನಂಬಿದ್ದರು. ಕಾಲುವೆ ಕೆಳಗಿನ ಊರುಗಳ ಹುಡುಗಿಯರು ಮಾತು ನಿಲ್ಲಿಸಿದರು. ಅವರ ಮನೆಗಳಲ್ಲಿ ಭತ್ತದ ನಾಟಿ ನಡೆಯುತ್ತಿದೆ. ಒಬ್ಬಳು ಮೆಲ್ಲಗೆ ಕೇಳಿದಳು: "ಅಕ್ಕಾ, ಎರಡನೇ ಬೆಳೆ ಬರಲಿಲ್ಲ ಅಂದ್ರೆ ಮೆಸ್ ಬಿಲ್ಲಿಗೆ ಟೈಮ್ ಕೊಡ್ತಾರಾ?"

ಉತ್ತರ ನನ್ನ ಕೈಯಲ್ಲಿಲ್ಲ. ಆದರೆ ಕೇಳುವುದು ನನ್ನ ಕೈಯಲ್ಲಿದೆ. ಕಾಲುವೆ ನೀರು ನಂಬಿದ ಮನೆಯವರ ಹೆಸರು ಬರೆದುಕೊಂಡೆ, 14 ಜನ. ನಾಳೆ ಆಫೀಸಿಗೆ ಹೋಗಿ ಲಿಖಿತವಾಗಿ ಕೊಡುತ್ತೇನೆ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಈಗ ಇವತ್ತು ನಾನು ತಪ್ಪಿದ ಜಾಗಕ್ಕೆ ಬರುತ್ತೇನೆ.

ರಾತ್ರಿ ಎಂಟಕ್ಕೆ ಹಾಜರಿ ಮುಗಿಸಿ ಮೆಸ್ ರಿಜಿಸ್ಟರಿಗೆ ಸಹಿ ಹಾಕಲು ಕೂತೆ. ಇವತ್ತು ಯಾರ್ಯಾರು ಊಟ ಬಿಟ್ಟರು ನೋಡೋಣ ಅಂತ ಬೆರಳಿಟ್ಟುಕೊಂಡು ಇಳಿದೆ. ಒಂದು ಹೆಸರಿನ ಮುಂದೆ ಇವತ್ತಿನದಷ್ಟೇ ಅಲ್ಲ, ನಿನ್ನೆಯದೂ ಖಾಲಿ. ಶುಕ್ರವಾರ ರಾತ್ರಿಯದೂ ಖಾಲಿ. ಆ ಎರಡು ದಿನವೂ ಅದೇ ಹಾಳೆಯ ಕೆಳಗೆ ನನ್ನ ಸಹಿ ಇದೆ. ನೋಡದೆ ಹಾಕಿದ ಸಹಿ.

ಅವಳು ಹೊಳೆ ದಂಡೆಯವಳಲ್ಲ. ಬೆಳಿಗ್ಗೆ ವರಾಂಡದಲ್ಲಿ ಕೊನೆಯಲ್ಲಿ ಕೂತಿದ್ದಳು. ನಾನು ನೋಡಿ, ಇವಳಿಗೇನೂ ತೊಂದರೆ ಇಲ್ಲ ಅಂತ ಮುಂದೆ ಹೋಗಿದ್ದೆ. ಹಾಜರಿಗೆ "ಎಸ್ ಅಕ್ಕಾ" ಅಂದಿದ್ದಳು. ಅಳುವವರು, ಕೂಗುವವರು, ಬಾಗಿಲು ಬಡಿಯುವವರು ಹೇಗೂ ನಮ್ಮ ಕಣ್ಣಿಗೆ ಬೀಳುತ್ತಾರೆ. ಗೇಟಿಗೆ ಹತ್ತು ನಿಮಿಷ ತಡವಾಗಿ ಬಂದ ಹುಡುಗಿಯ ಬಗ್ಗೆ ಇಲ್ಲಿ ನಾಲ್ಕು ಜನ ಕೇಳುತ್ತಾರೆ. ಮೂರು ದಿನ ಮೆಸ್ಸಿಗೆ ಇಳಿಯದವಳ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೋಗಿ ಬಾಗಿಲು ತಟ್ಟಿದೆ. ರೂಮಿನ ಉಳಿದಿಬ್ಬರು ಟಿವಿ ಹತ್ತಿರ ಇದ್ದರು. ಊಟ ಯಾಕೆ ಮಾಡಿಲ್ಲ ಅಂತ ಕೇಳಲಿಲ್ಲ, ಅದು ಬೈದ ಹಾಗೆ ಕೇಳಿಸುತ್ತದೆ. "ಶುಕ್ರವಾರದಿಂದ ನಿನ್ನ ಹೆಸರ ಮುಂದೆ ಖಾಲಿ ಐತೆ. ನಾನು ಈಗ ನೋಡಿದೆ. ತಡ ಆಯ್ತು ನಂದು" ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ರಿ ಅಕ್ಕಾ, ಹೇಳ್ತೀನಿ."

ಇದು ತುಂಬಾ ಕಷ್ಟದ ಜಾಗ. ಹೂಂ ಅಂದರೆ ಸಾಕು, ಅವಳು ಬಾಯಿ ಬಿಡುತ್ತಾಳೆ. ಆದರೆ ಆ ಮಾತು ಕೊಡಬಾರದು ಅಂತ ದೊಡ್ಡಮ್ಮನ ಮಗಳು ನೂರು ಸಲ ಹೇಳಿದ್ದಾಳೆ. ಅವಳಿದ್ದಲ್ಲಿ ಅದು ನಿಯಮ. ಲೈಂಗಿಕ ದೌರ್ಜನ್ಯದ ಮಾತು ಕಿವಿಗೆ ಬಿದ್ದರೂ ಆರ್‌ಎ ಅದನ್ನು ವಿಶ್ವವಿದ್ಯಾಲಯಕ್ಕೆ ತಿಳಿಸಲೇಬೇಕು, ಜೀವಕ್ಕೆ ಅಪಾಯ ಅನ್ನಿಸಿದರೂ ತಿಳಿಸಲೇಬೇಕು. ಅದಕ್ಕೇ ಆ ಹುಡುಗಿ ಬಾಯಿ ತೆರೆಯುವ ಮೊದಲೇ ಇದನ್ನು ಹೇಳಿಬಿಡಬೇಕಂತೆ. ಕೇಳಿಸಿಕೊಂಡ ಮೇಲೆ ಹೇಳಿದರೆ ಮೋಸ ಮಾಡಿದ ಹಾಗೆ.

"ಆ ಮಾತು ಕೊಡಾಕಾಗಲ್ಲವ್ವ" ಅಂದೆ. "ನಿನಗೆ ಅಪಾಯ ಇದ್ರೆ ಒಬ್ಬರಿಗೆ ಹೇಳ್ತೀನಿ. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲು ಹೇಳ್ತೀನಿ. ಹೇಳುವಾಗ ನೀನು ಪಕ್ಕದಾಗೆ ಇರ್ತೀಯ. ಫ್ಲೋರಿನ ಉಳಿದ ಯಾರಿಗೂ ಗೊತ್ತಾಗಲ್ಲ."

ಎದ್ದು ಹೋಗು ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ಹೇಳಿದಳು.

ಏನು ಹೇಳಿದಳು ಅನ್ನುವುದು ಇಲ್ಲಿ ಬರುವುದಿಲ್ಲ. ಅದು ಅವಳದು. ಒಂದು ಪ್ರಶ್ನೆ ಮಾತ್ರ ಬರೆಯುತ್ತೇನೆ, ಬೇರೆ ಹಾಸ್ಟೆಲ್‌ಗಳಲ್ಲಿ ನನ್ನ ಹಾಗೆ ಇರುವವರಿಗೆ ಬೇಕಾಗಬಹುದು. "ಸಾಯಬೇಕು ಅನ್ನಿಸ್ತದಾ?" ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ನಮ್ಮಲ್ಲಿ ಹೆದರುತ್ತಾರೆ. ಹಾಗಾಗುವುದಿಲ್ಲ. ಇದನ್ನು ಅಧ್ಯಯನ ಮಾಡಿದವರು ಹೇಳುವುದೂ ಅದನ್ನೇ. ಸುತ್ತಿ ಬಳಸಿ ಕೇಳಿದರೆ ಎದುರಿನವರೂ ಸುತ್ತಿ ಬಳಸಿಯೇ ಉತ್ತರಿಸುತ್ತಾರೆ. ಅವಳು ನೇರವಾಗಿ ಉತ್ತರ ಕೊಟ್ಟಳು.

ನಾನು ಡಾಕ್ಟರಲ್ಲ, ಕೌನ್ಸೆಲರೂ ಅಲ್ಲ. ಅವಳ ಕಷ್ಟ ಬಗೆಹರಿಸಲು ಹೊರಟರೆ ಕೆಡಿಸುತ್ತೇನೆ. ಅವಳಿಗೆ ಹೇಳಿಯೇ ಮ್ಯಾಡಮ್ಮನ್ನು ಕರೆದೆ. ಅವರು ಬಂದು ಗದರಲಿಲ್ಲ, ಬುದ್ಧಿಮಾತು ಶುರು ಮಾಡಲಿಲ್ಲ, ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಇದಕ್ಕೆ ನಾನು ಅವರಿಗೆ ಯಾವಾಗಲೂ ಋಣಿ. ನನ್ನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ನಾಲ್ಕು ನಂಬರಿವೆ: ತುರ್ತಿಗೆ 112, ಆಂಬುಲೆನ್ಸಿಗೆ 108, ರ‍್ಯಾಗಿಂಗ್ ದೂರಿಗೆ 1800-180-5522, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಕೊನೆಯದಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಿದರು. ದುಡ್ಡು ಬೀಳುವುದಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು. ಅವಳು ಮಾತಾಡುವಾಗ ನಾವಿಬ್ಬರೂ ಬಾಗಿಲ ಹೊರಗೆ ನಿಂತಿದ್ದೆವು. ನಾಳೆ ಹತ್ತಕ್ಕೆ ಮ್ಯಾಡಮ್ಮೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಈಗ ಹನ್ನೊಂದೂವರೆ. ಅವಳು ನನ್ನ ರೂಮಿನ ಇನ್ನೊಂದು ಮಂಚದ ಮೇಲೆ ಮಲಗಿದ್ದಾಳೆ. ರೂಮ್‌ಮೇಟುಗಳಿಗೆ ಅಕ್ಕನ ಜೊತೆ ಓದ್ತೀನಿ ಅಂತ ಅವಳೇ ಹೇಳಿ ಬಂದಳು. ಮೆಸ್ಸಿನ ಅಜ್ಜಿ ಎತ್ತಿಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದೆ. ಒಂದು ರೊಟ್ಟಿ ತಿಂದಳು, ಮಜ್ಜಿಗೆ ಕುಡಿದಳು. ಅಪ್ಪನ ಮೆಸೇಜು ಬಂದಿದೆ, ಗೇಟು ಇನ್ನೂ ಹಾಗೇ ಇದೆಯಂತೆ. ಸಿರುಗುಪ್ಪದ ಹುಡುಗಿಯ ರೂಮಿನಲ್ಲಿ ಇನ್ನೂ ಲೈಟ್ ಉರಿಯುತ್ತಿದೆ, ಮಲಗುವ ಮೊದಲು ಒಮ್ಮೆ ಹೋಗಿ ನೋಡಬೇಕು.

ನಾಳೆ ತಿಂಡಿಗೆ ಇಡ್ಲಿ. ಏಳೂವರೆಗೆ ಇಬ್ಬರೂ ಒಟ್ಟಿಗೆ ಕೆಳಗೆ ಇಳಿಯುವುದು ಅಂತ ಮಾತಾಗಿದೆ.