ಅಪ್ಪನ ಇಂಚ್ ಟೇಪು

ಅಪ್ಪ ಅರಸೀಕೆರೆಯಿಂದ ಬರುವಾಗ ಚೀಲದಲ್ಲಿ ಚಕ್ಕುಲಿ ಡಬ್ಬಿ ತಂದಿದ್ದರು. ಅದರ ಪಕ್ಕದಲ್ಲಿ ಸುರುಳಿ ಸುತ್ತಿದ ಇಂಚ್ ಟೇಪು. ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದವರು.

"ಮನೆ ನೋಡೋಕೆ ಇದ್ಯಾಕಪ್ಪಾ?"

"ಇರ್ಲಿ ಬಿಡು."

ಹಿಂದಿನ ವಾರ ನಾನು, ನನ್ನ ಹೆಂಡತಿ ಸೇರಿ ಮಗಳ ಹಳೇ ನೋಟ್‌ಬುಕ್ಕಿನ ಹಿಂದುಗಡೆ ಲೆಕ್ಕ ಹಾಕಿದ್ದೆವು. ಕನಕಪುರ ರಸ್ತೆ ಕಡೆ ಒಂದು ಫ್ಲ್ಯಾಟು, 1,180 ಚದರಡಿ, ಅಡಿಗೆ 6,000. ಅಂದರೆ 70.8 ಲಕ್ಷ. ಈ ಬೆಲೆಗೆ ಬ್ಯಾಂಕು ಹೆಚ್ಚೆಂದರೆ 80% ಸಾಲ ಕೊಡುತ್ತೆ. ನಮ್ಮ ಪಾಲು 14 ಲಕ್ಷ ಚಿಲ್ಲರೆ. ಕೈಯಲ್ಲಿ 16 ಇತ್ತು. ಮಿಕ್ಕಿದ್ದರಲ್ಲಿ ಪರದೆ, ವಾರ್ಡ್‌ರೋಬು ಅಂತ ಅವಳು ಪಟ್ಟಿ ಶುರು ಮಾಡಿಯೂ ಆಗಿತ್ತು.

ರಿಜಿಸ್ಟ್ರೇಷನ್ ಖರ್ಚು ನೆನಪಾಗಿದ್ದು ಆಮೇಲೆ. ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಎಲ್ಲ ಸೇರಿಸಿದರೆ 5.38 ಲಕ್ಷ. ಅದನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಹಿಡಿಯಲ್ಲ, ಕೈಯಿಂದಲೇ ಹಾಕಬೇಕು. ಮೂರೂವರೆ ಲಕ್ಷ ಕಮ್ಮಿ ಬಿತ್ತು. ಅವಳು ಮಾತಾಡದೆ ಪರದೆ ಮೇಲೆ ಗೀಟು ಎಳೆದಳು. ಆಮೇಲೆ ಪಿಎಫ್ ಪಾಸ್‌ಬುಕ್ ತೆಗೆದು ಕೂತೆವು.

ಶನಿವಾರ ಮೂರೂ ಜನ ಹೋದೆವು. ಬಿಲ್ಡರ್ ಕಡೆಯ ಹುಡುಗ ಬಾಗಿಲು ತೆಗೆದು ಲೈಟು ಹಾಕಿದ. ಗಾಳಿ, ಬೆಳಕು, ವಾಸ್ತು ಎಲ್ಲಾ ಹೇಳಿದ. ಅಪ್ಪ ಚಪ್ಪಲಿ ಹೊರಗೆ ಬಿಟ್ಟು, ಟೇಪು ಬಿಚ್ಚಿ, ಗೋಡೆ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಟೈಲರ್ ಟೇಪು ತಾನೇ, ಇರೋದೇ 60 ಇಂಚು. ಐದಡಿ ಅಳೆದು, ಹೆಬ್ಬೆರಳು ಒತ್ತಿ ಹಿಡಿದು, ಮತ್ತೆ ಐದಡಿ. ಹಾಲು, ಎರಡು ರೂಮು, ಅಡುಗೆಮನೆ, ಕೊನೆಗೆ ಬಾತ್‌ರೂಮು. ಹಳೇ ಬಿಲ್ ಬುಕ್ಕಿನಲ್ಲಿ, ಎದೆ ಸುತ್ತಳತೆ, ತೋಳು ಅಂತ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದುಕೊಂಡರು. ನನಗೆ ಮೊದಲು ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

"790 ಬರ್ತಿದೆಯಲ್ಲಪ್ಪ. ಮಿಕ್ಕಿದ್ದು ಎಲ್ಲಿ?"

"ಅದು ಸೂಪರ್ ಬಿಲ್ಟ್‌ಅಪ್ ಅಂಕಲ್. ಲಿಫ್ಟು, ಮೆಟ್ಟಿಲು, ಕಾರಿಡಾರು ಎಲ್ಲಾ ಸೇರುತ್ತೆ."

ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆ ಪ್ರಕಾರ ಬಿಲ್ಡರು ಕಾರ್ಪೆಟ್ ಏರಿಯಾ, ಅಂದರೆ ಹೊರಗೋಡೆ ಬಿಟ್ಟು, ಒಳಗೋಡೆ ಸೇರಿಸಿ ಮನೆಯೊಳಗಿನ ಜಾಗ, ಹೇಳಲೇಬೇಕು. ಅದು ನನಗೂ ಗೊತ್ತಿತ್ತು. ಕಾಗದದಲ್ಲಿ ಅದೂ ಇತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ 820 ಅಂತ. ಒಳಗೋಡೆಗಳ ದಪ್ಪ ಹಿಡಿದರೆ ಅಪ್ಪನ ಲೆಕ್ಕ ಸರಿಯೇ. ನಾನು ಮಾತ್ರ ವಾರವಿಡೀ 1,180ಕ್ಕೇ ಜೋತುಬಿದ್ದಿದ್ದೆ. ಕಾಲಿಟ್ಟು ಓಡಾಡುವ ಜಾಗಕ್ಕೆ ಅಡಿಗೆ 9,000 ಹತ್ತಿರ ಬಿತ್ತು!

ಹೆಂಡತಿ ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನೋ ಪ್ರಮಾಣಪತ್ರ, ಕೇಳಿದಳು. "ಅಪ್ಲೈ ಮಾಡಿದ್ದೀವಿ ಮೇಡಂ, ಬಂದ್ಬಿಡುತ್ತೆ." ಯಾವಾಗ ಅಂದದ್ದಕ್ಕೆ ನಕ್ಕ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ನಗು ಜಾಸ್ತಿ ದಿನ ನಡೆಯಲ್ಲ. ಪಾಲಿಕೆಯ ಆಸ್ತಿ ದಾಖಲೆಯಾದ ಖಾತಾ, ಎಲ್ಲ ನಿಯಮ ಪಾಲಿಸಿದ ಎ ನೋ, ಪಾಲಿಸದ ಬಿ ನೋ ಅಂದರೆ "ಇ-ಖಾತಾ ಆಗುತ್ತೆ ಸರ್" ಅಂದ. ಕೇಳಿದ್ದೇ ಬೇರೆ, ಅವನು ಹೇಳಿದ್ದೇ ಬೇರೆ. ಇ-ಖಾತಾ ಅಂದರೆ ಅದರ ಡಿಜಿಟಲ್ ರೂಪ, ಎ ಖಾತೆಗೂ ಸಿಗುತ್ತೆ, ಬಿ ಖಾತೆಗೂ ಸಿಗುತ್ತೆ. ಆಸ್ತಿ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಇಸಿ ಮಾತ್ರ ನಾನೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿಕೊಂಡಿದ್ದೆ. ಅದೊಂದು ಹೆಮ್ಮೆ ಇತ್ತು.

"ಇವತ್ತೇ ಒಂದು ಲಕ್ಷ ಅಡ್ವಾನ್ಸ್ ಕೊಟ್ರೆ ಈ ರೇಟು" ಅಂತ ಹುಡುಗ ಲಿಫ್ಟಿನವರೆಗೂ ಬಂದ. ಅಪ್ಪ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, "ನಿನ್ ಪ್ಯಾಂಟು ಸೊಂಟದಲ್ಲಿ ಲೂಸಾಗಿದೆ, ಒಂದಿಂಚು ಹಿಡಿಸಪ್ಪ" ಅಂದರು.

ರಾತ್ರಿ ಊಟ ಆಯಿತು. ನಾನು ಪಾತ್ರೆ ಇಟ್ಟು ಬರುವಷ್ಟರಲ್ಲಿ ಅಪ್ಪ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಬಗ್ಗಿ ಕೂತಿದ್ದರು. ಮಗಳು ಟೇಪಿನ ಆ ತುದಿ ಹಿಡಿದಿದ್ದಳು.

"ಇದೇ ಒಂದಡಿ ದೊಡ್ಡದು ಕಣೋ."