ಐರಿಷ್ಷೋ, ಸ್ಕಾಟಿಷ್ಷೋ? ಯಾವ ಡಿಎನ್‌ಎ ಟೆಸ್ಟ್ ಮಾಡಿಸಬೇಕು?

ಬ್ರಿಟನ್ನಿನಲ್ಲಿ ಸಂಸಾರ ಹೂಡಿರುವ ಕನ್ನಡದ ಗೆಳೆಯರು, ಅದರಲ್ಲೂ ಅಲ್ಲಿಯವರನ್ನೇ ಮದುವೆಯಾದವರು, ಸಿಕ್ಕಾಗಲೆಲ್ಲ ಕೇಳುತ್ತಾರೆ: "ನಮ್ಮತ್ತೆ ಐರಿಷ್ ಮೂಲ ಅಂತಾರೆ, ಮಾವ ಸ್ಕಾಟಿಷ್ ಇರಬೇಕು ಅಂತಾರೆ. ಸರಿಯಾಗಿ ಬಿಡಿಸಿ ಹೇಳೋ ಟೆಸ್ಟ್ ಯಾವುದು?"

ಆ್ಯನ್ಸೆಸ್ಟ್ರಿ ಎಂಬ ಕಂಪನಿಯ ಟೆಸ್ಟ್ ಮಾಡಿಸಿ ಅನ್ನುತ್ತೇನೆ. ಆದರೆ ಅವರು ಕೊಡುವ ಶೇಕಡಾ ಲೆಕ್ಕವನ್ನು ನಂಬಿಕೊಂಡಲ್ಲ.

ಐರ್ಲೆಂಡಿನ ಆ್ಯಂಟ್ರಿಮ್ ಕರಾವಳಿಗೂ ಸ್ಕಾಟ್ಲೆಂಡಿಗೂ ನಡುವೆ ತೀರಾ ಕಿರಿದಾದ ಕಡೆ ಸಮುದ್ರ ಇರುವುದು ಸುಮಾರು 20 ಕಿ.ಮೀ. ಜನ ಶತಮಾನಗಳಿಂದ ಆಚೀಚೆ ಓಡಾಡಿದ್ದಾರೆ. 1609ರ ನಂತರವಂತೂ ಇಂಗ್ಲೆಂಡಿನ ದೊರೆತನವೇ ಸ್ಕಾಟರನ್ನೂ ಇಂಗ್ಲಿಷರನ್ನೂ ಐರ್ಲೆಂಡಿನ ಉತ್ತರದ ಅಲ್ಸ್ಟರ್‌ಗೆ ಕರೆತಂದು ಜಮೀನು ಕೊಟ್ಟು ಕೂರಿಸಿತು. ಹೀಗೆ ಬೆರೆತವರನ್ನು ಕಂಪನಿಗಳು ತಮ್ಮ ಹತ್ತಿರ ಇರುವ ಮಾದರಿ ಜನರ ಡಿಎನ್‌ಎ ಜೊತೆ ಹೋಲಿಸಿ 'ಇಷ್ಟು ಐರಿಷ್, ಇಷ್ಟು ಸ್ಕಾಟಿಷ್' ಅನ್ನುತ್ತವೆ. ಮಾದರಿ ಬದಲಾದರೆ ಲೆಕ್ಕವೂ ಬದಲು. ಟೆಸ್ಟ್‌ಗೆ ಕೊಟ್ಟ ಎಂಜಲು ಮಾತ್ರ ಅದೇ.

ಹಾಗಂತ ಬೇರ್ಪಡಿಸಲು ಆಗುವುದೇ ಇಲ್ಲ ಎಂದೇನಿಲ್ಲ. ಆಕ್ಸ್‌ಫರ್ಡ್‌ನವರು ಮುಂದೆ ನಿಂತು ಮಾಡಿ, 2015ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನದಲ್ಲಿ ಬ್ರಿಟನ್ನಿನ 2,039 ಜನರಿದ್ದರು. ಪ್ರತಿಯೊಬ್ಬರ ಅಜ್ಜ-ಅಜ್ಜಿಯರು ನಾಲ್ವರೂ ಪರಸ್ಪರ 80 ಕಿ.ಮೀ. ಒಳಗೆ ಹುಟ್ಟಿದವರು. ಒಟ್ಟು 17 ಗುಂಪುಗಳು ಕಂಡವು. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಅಕ್ಕಪಕ್ಕದಲ್ಲಿರುವ ಕಾರ್ನ್‌ವಾಲ್ ಮತ್ತು ಡೆವನ್ ಬೇರೆಬೇರೆಯಾಗಿ ನಿಂತವು, ಅದೂ ಹೆಚ್ಚುಕಡಿಮೆ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಗಡಿಯಲ್ಲೇ! ಆದರೆ ಮಧ್ಯ ಮತ್ತು ದಕ್ಷಿಣ ಇಂಗ್ಲೆಂಡಿನ ಬಹುಭಾಗ ಒಂದೇ ಮುದ್ದೆ. ಐರಿಷರು, ಸ್ಕಾಟರು, ವೆಲ್ಷರ ಮೂಲ ಎನ್ನಲಾಗುವ 'ಕೆಲ್ಟ್' ಎಂಬ ಒಂದೇ ಕುಲವೂ ಸಿಗಲಿಲ್ಲ. (ಇದನ್ನು ಮಾವನವರ ಎದುರು ಹೇಳಬೇಡಿ.) ಆ ಮಾಹಿತಿಯನ್ನು ಬಳಸಿಕೊಂಡು ಲಿವಿಂಗ್ ಡಿಎನ್‌ಎ ಕಂಪನಿ ಬ್ರಿಟನ್ನನ್ನು 20ಕ್ಕೂ ಹೆಚ್ಚು ಪ್ರದೇಶಗಳಾಗಿ ಒಡೆದು ತೋರಿಸುತ್ತದೆ. ಇಂಗ್ಲೆಂಡಿನೊಳಗೇ ಯಾವ ಮೂಲೆ ಎನ್ನುವುದು ಪ್ರಶ್ನೆಯಾದರೆ ಅದನ್ನೇ ಕೊಳ್ಳಿ.

ಐರ್ಲೆಂಡಿನ ಮಾತು ಬೇರೆ. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟುಹೋಗಿ 1821ರಿಂದ 1851ರವರೆಗಿನ ಜನಗಣತಿ ಬಹುಮಟ್ಟಿಗೆ ಇಲ್ಲವಾಯಿತು; 1861ರಿಂದ 1891ರವರೆಗಿನದನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶಮಾಡಿತ್ತು. ಅಲ್ಲಿ ದಾರಿ ತೋರಿಸುವವರು ಡಿಎನ್‌ಎ ತಾಳೆಯಾಗಿ ಸಿಗುವ ನೆಂಟರು. ಆ್ಯನ್ಸೆಸ್ಟ್ರಿಯಲ್ಲಿ ಟೆಸ್ಟ್ ಮಾಡಿಸಿದವರು ಎಲ್ಲ ಕಂಪನಿಗಳಿಗಿಂತ ಹೆಚ್ಚು. ಅಮೆರಿಕಕ್ಕೆ ವಲಸೆ ಹೋದ ಐರಿಷರ ಮೊಮ್ಮಕ್ಕಳು ಆ ಪಟ್ಟಿಯಲ್ಲೇ ಇದ್ದಾರೆ. ನಿಮ್ಮತ್ತೆಯ ಡಿಎನ್‌ಎಗೆ ತಾಳೆಯಾಗುವ ನಾಲ್ಕೈದು ಜನರ ವಂಶವೃಕ್ಷಗಳು ಐರ್ಲೆಂಡಿನ ಮೇಯೋ ಕೌಂಟಿಯ ಒಂದೇ ಪ್ಯಾರಿಷ್‌ಗೆ (ಒಂದು ಚರ್ಚಿನ ವ್ಯಾಪ್ತಿಗೆ) ಹೋಗಿ ಸೇರಿದರೆ, ಅದು 'ಶೇ. 38 ಐರ್ಲೆಂಡ್' ಅನ್ನುವುದಕ್ಕಿಂತ ಎಷ್ಟೋ ಗಟ್ಟಿ ಸುಳಿವು.

ಟೆಸ್ಟ್ ಮಾತ್ರ ಮನೆಯ ಹಿರಿಯರದ್ದೇ ಮಾಡಿಸಿ. ಅತ್ತೆಯ ಡಿಎನ್‌ಎಯಲ್ಲಿ ಅರ್ಧವಷ್ಟೇ ನಿಮ್ಮ ಯಜಮಾನರಿಗೆ ಬಂದಿರುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ. ಫಲಿತಾಂಶ ಬಂದಮೇಲೆ ಡಿಎನ್‌ಎಯ ಮೂಲ ಫೈಲನ್ನು ಇಳಿಸಿಟ್ಟುಕೊಳ್ಳಿ, ಕಂಪನಿ ಇರುತ್ತದೋ ಇಲ್ಲವೋ. 2025ರಲ್ಲಿ 23ಆ್ಯಂಡ್‌ಮಿಯಂಥ ದೊಡ್ಡ ಡಿಎನ್‌ಎ ಕಂಪನಿಯೇ ದಿವಾಳಿ ಅರ್ಜಿ ಹಾಕಿತ್ತು.

ಕೆಜಿಎಫ್ ಕಡೆಯ ಆಂಗ್ಲೋ ಇಂಡಿಯನ್ ಗೆಳೆಯರಿಗೆ ಬೇರೆಯೇ ಉತ್ತರ ಕೊಡುತ್ತೇನೆ. ಅಲ್ಲಿನ ಗಣಿಗಳಿಗೆ ಕಾರ್ನ್‌ವಾಲ್‌ನಿಂದ ಬಂದವರು ಬಹಳ, ಕಾರ್ನ್‌ವಾಲ್ ಡಿಎನ್‌ಎಯಲ್ಲಿ ಗುರುತು ಸಿಗುವಂಥದ್ದು. ಹಾಗಾಗಿ ಅವರಿಗೆ ಲಿವಿಂಗ್ ಡಿಎನ್‌ಎ. ಅದಕ್ಕೂ ಮೊದಲು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಬ್ರಿಟಿಷ್ ಕಾಲದ ಭಾರತಕ್ಕೆ ಸಂಬಂಧಿಸಿದ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮುತ್ತಜ್ಜನ ಮದುವೆಯ ನಮೂದು ಇದೆಯೇ ನೋಡಿ.