ಹಳದಿಯ ಮೇಲೆ ಹೆಬ್ಬೆರಳು

ಕಲಬುರಗಿಯ ನಮ್ಮ ಮನೆಯ ಗೋಡೆ ಮೇಲೆ ಡಚ್ ಚಿತ್ರಕಾರ ಮಾಂಡ್ರಿಯಾನ್‌ನ ಚಿತ್ರದ ಒಂದು ಪ್ರಿಂಟ್ ಇದೆ. ಚಿತ್ರ 1930ರದ್ದು. ಕಪ್ಪು ಗೆರೆಗಳು, ಮೇಲೆ ಬಲಕ್ಕೆ ದೊಡ್ಡ ಕೆಂಪು ಚೌಕ, ಕೆಳಗೆ ಎಡಕ್ಕೆ ನೀಲಿ, ಬಲ ಮೂಲೆಯಲ್ಲಿ ಚೂರೇ ಚೂರು ಹಳದಿ.

"ಮೌಶಿ, ಇದನ್ನ ನಾನೂ ಸ್ಕೇಲ್ ಹಿಡ್ಕೊಂಡು ತೆಗೀತೀನಿ" ಅಂದಳು ಅಕ್ಕನ ಮಗಳು.

"ಚೆಂದ ಅದನೋ ಇಲ್ಲೋ ಆಮ್ಯಾಲ ಹೇಳು. ಮೊದಲು ಏನೇನು ಕಾಣ್ತದ ಹೇಳು" ಅಂದೆ. ಗೆರೆ, ಆಕಾರ, ಬಣ್ಣ ಅಂದಳು. ಬಿಳಿ ಜಾಗವನ್ನು ಬಿಟ್ಟಳು. ಎಲ್ಲರೂ ಅದನ್ನೇ ಬಿಡುತ್ತಾರೆ.

"ಆ ಹಳದಿ ಮೇಲೆ ಹೆಬ್ಬೆರಳು ಇಡು."

ಇಟ್ಟಳು. ಸ್ವಲ್ಪ ಹೊತ್ತು ನೋಡಿದಳು. "ಕೆಂಪು ಭಾರ ಆಯ್ತು, ವಾಲ್ತದ!" ಬೆರಳು ತೆಗೆದಳು, ಮತ್ತೆ ಇಟ್ಟಳು. ಸಮತೋಲ ಅಂದರೆ ಎರಡೂ ಕಡೆ ಒಂದೇ ಅಳತೆ ಅಲ್ಲ ಅಂತ ಅವಳಿಗೆ ಬೆರಳೇ ಹೇಳಿತು.

ಆಮೇಲೆ ಗೆರೆಗಳ ದಪ್ಪ ಒಂದೇ ಸಮ ಇಲ್ಲ ಅಂತ ತಾನೇ ಕಂಡುಕೊಂಡಳು. ಬಗ್ಗಿ ಪಡಸಾಲೆಯ ಶಹಾಬಾದ್ ಕಲ್ಲಿನ ಸಂದುಗಳನ್ನೂ ನೋಡಿದಳು, ಅವೂ ಸಮ ಇಲ್ಲ. ಮೈವಳಿಕೆ, ಅಂದರೆ ಚಿತ್ರದ ಮೇಲ್ಮೈ ಒರಟೋ ನುಣುಪೋ ಅನ್ನೋದರ ಬಗ್ಗೆ ಮಾತ್ರ ನಾವು ಏನೂ ಹೇಳಲಿಲ್ಲ. ಪ್ರಿಂಟ್‌ನಲ್ಲಿ ಕುಂಚದ ಗುರುತು ಕಾಣಲ್ಲ, ಅಲ್ವಾ?